ಪತನಪ್ರಕರಣ: ಪ್ರೌಢರ ಹಿಮಫಲಕಾಭ್ಯಾಸವನ್ನು ಕುರಿತ ಒಂದು ಶಾಸ್ತ್ರೀಯ ವಿವೇಚನೆ

ಎರಡು ಪಾದಗಳನ್ನೂ ಒಂದೇ ಹಲಗೆಗೆ ಅಡ್ಡಡ್ಡವಾಗಿ ಬಿಗಿದು, ಆ ಹಲಗೆಯನ್ನು ಹಿಮದ ಇಳಿಜಾರಿನ ಮೇಲಿಟ್ಟು, ಮುಂದಿನದನ್ನು ಗುರುತ್ವಾಕರ್ಷಣೆಗೆ ಒಪ್ಪಿಸಿಬಿಡುವ ಕ್ರೀಡೆಗೆ ಸ್ನೋಬೋರ್ಡಿಂಗ್ ಎಂದು ಹೆಸರು. ಮಕ್ಕಳು ಇದನ್ನು ಕಲಿಯುವ ಬಗೆ ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಸೇರದು. ಅವರು ಸುಮ್ಮನೆ ಕಲಿತುಬಿಡುವುದರಿಂದ ಅಲ್ಲಿ ಶಾಸ್ತ್ರಕ್ಕೆ ಕೆಲಸವಿಲ್ಲ. ಮೂವತ್ತು ದಾಟಿದ, ಮನೆಸಾಲದ ಕಂತು ಕಟ್ಟುತ್ತಿರುವ, ರಜೆ ಮಂಜೂರಾಗಿರುವ ಪ್ರೌಢನೇ ಇಲ್ಲಿ ಅಧಿಕಾರಿ, ಎಂದರೆ ಶಾಸ್ತ್ರಶ್ರವಣಕ್ಕೆ ಅರ್ಹನಾದವನು, ಬೀಳುವುದು ವಿಷಯ, ಪ್ರಯೋಜನವಾದರೋ ಇನ್ನೂ ವಿವಾದಗ್ರಸ್ತವಾಗಿದೆ.

ಈ ವಿದ್ಯೆಯ ಮೂಲವು ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಊರಿನಲ್ಲಿದೆ. 1965ರ ಕ್ರಿಸ್‌ಮಸ್ ದಿನ ಶರ್ಮನ್ ಪಾಪನ್ ಎಂಬಾತನು ತನ್ನ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು, ಅಂದರೆ ಕಾಲಿಗೊಂದರಂತೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಪಟ್ಟಿಗಳನ್ನು, ಜೋಡಿಸಿ ಕೊಟ್ಟನು. ಅದಕ್ಕೆ ಸ್ನರ್ಫರ್ ಎಂದು ಹೆಸರಿಟ್ಟವಳು ಅವನ ಹೆಂಡತಿ. ಮಾರುಕಟ್ಟೆಗೆ ಬಂದ ಸ್ನರ್ಫರಿನ ಮೂತಿಗೆ ಹಿಡಿದುಕೊಳ್ಳಲು ಒಂದು ಹಗ್ಗವಿತ್ತು, ಕಾಲುಗಳು ಸ್ವತಂತ್ರವಾಗಿದ್ದವು. 1977ರಲ್ಲಿ ವರ್ಮಾಂಟಿನಲ್ಲಿ ಹಲಗೆ ತಯಾರಿಕೆಗೆ ತೊಡಗಿದ ಜೇಕ್ ಬರ್ಟನ್ ಕಾರ್ಪೆಂಟರ್ ಮೊದಲಾದವರ ಸುಧಾರಣೆಗಳ ಫಲವಾಗಿ ಕಾಲಕ್ರಮದಲ್ಲಿ ಹಗ್ಗ ಹೋಯಿತು, ಬೈಂಡಿಂಗ್, ಅಂದರೆ ಬೂಟನ್ನು ಹಲಗೆಗೆ ಕಚ್ಚಿಸುವ ಪಟ್ಟಿ, ಬಂದಿತು. ಹಿಡಿಯಲು ಇದ್ದದ್ದನ್ನು ಕಿತ್ತುಕೊಂಡು, ಓಡಲು ಇದ್ದದ್ದನ್ನು ಕಟ್ಟಿಹಾಕುವ ಈ ಕ್ರಮಕ್ಕೆ ಇತಿಹಾಸಕಾರರು ಪ್ರಗತಿ ಎನ್ನುತ್ತಾರೆ. ಸ್ಕೀ ತಾಣಗಳ ಮಾಲೀಕರು ಬಹುಕಾಲ ಈ ಹಲಗೆಯವರನ್ನು ಒಳಗೆ ಬಿಡಲಿಲ್ಲ. ವರ್ಮಾಂಟಿನ ಸ್ಟ್ರಾಟನ್ ಪರ್ವತ 1983ರಲ್ಲಿ ಬಾಗಿಲು ತೆರೆಯಿತು, 1998ರ ನಗಾನೋ ಒಲಿಂಪಿಕ್ಸ್ ಕ್ರೀಡೆಗೆ ಪದಕದ ಮಾನ್ಯತೆ ಕೊಟ್ಟಿತು. ಆದರೂ ಯೂಟಾದ ಆಲ್ಟಾ ಮತ್ತು ಡಿಯರ್ ವ್ಯಾಲಿ, ವರ್ಮಾಂಟಿನ ಮ್ಯಾಡ್ ರಿವರ್ ಗ್ಲೆನ್ ನಿಷೇಧವನ್ನು ಸಡಿಲಿಸಿಲ್ಲ. ಪ್ರೌಢ ಕಲಿಕಾರ್ಥಿಯ ಬಗ್ಗೆ ನಿಜವಾದ ಕರುಣೆ ಉಳಿದಿರುವುದು ಈ ಮೂರು ಕ್ಷೇತ್ರಗಳಲ್ಲೇ ಎಂಬುದು ಗಮನಾರ್ಹ.

ಬೆಂಗಳೂರಿನ ಜಿಜ್ಞಾಸುವಿಗೆ ದೇಶದೊಳಗೇ ಸಿಗುವ ಕ್ಷೇತ್ರಗಳಲ್ಲಿ ಒಂದು ಕಾಶ್ಮೀರದ ಗುಲ್ಮಾರ್ಗ್. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ ಉಸಿರಾಡಿ ಬೆಳೆದವನು ಅಲ್ಲಿನ ಸುಮಾರು 2,650 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲಿ ಬಾಡಿಗೆ ಬೂಟಿನ ದಾರ ಬಿಗಿಯುವಷ್ಟರಲ್ಲೇ ಏದುಸಿರು ಬಿಡುತ್ತಾನೆ. ಇದನ್ನು ಪೂರ್ವರಂಗವೆಂದು ತಿಳಿಯತಕ್ಕದ್ದು. ಬಳಿಕ ಗುರುವು ಶಿಷ್ಯನನ್ನು ಹಿಂದಿನಿಂದ ಹಠಾತ್ತನೆ ಮೆಲ್ಲಗೆ ತಳ್ಳಿ, ಯಾವ ಕಾಲು ತಾನಾಗಿ ಮುಂದೆ ಬರುವುದೆಂದು ಪರೀಕ್ಷಿಸುವ ಸಂಪ್ರದಾಯವೂ ಉಂಟು. ಎಡಗಾಲು ಮುಂದಿಡುವವನು ರೆಗ್ಯುಲರ್, ಬಲಗಾಲು ಮುಂದಿಡುವವನು ಗೂಫಿ. ಎರಡೂ ಪಂಗಡದವರು ಬೀಳುವುದರಲ್ಲಿ ಸಮಾನರಾದ ಕಾರಣ ಈ ಭೇದವನ್ನು ಇಲ್ಲಿ ಬೆಳೆಸುವುದಿಲ್ಲ.

ಇನ್ನು ಪ್ರಕೃತ ವಿಷಯ. ಹಲಗೆಯ ಎರಡೂ ಅಂಚುಗಳಿಗೆ ಉಕ್ಕಿನ ಪಟ್ಟಿ ಇರುತ್ತದೆ. ಹಿಮ್ಮಡಿಯ ಕಡೆಯದು ಹಿಮ್ಮಡಿ ಅಂಚು, ಬೆರಳುಗಳ ಕಡೆಯದು ಬೆರಳಂಚು. ಇಳಿಜಾರಿಗೆ ಅಡ್ಡಲಾಗಿ ನಿಂತಾಗ ಮೇಲ್ಬದಿಯ ಅಂಚು ಹಿಮವನ್ನು ಕೆರೆಯುತ್ತಿರಬೇಕು, ಕೆಳಬದಿಯದು ತುಸು ಎತ್ತಿರಬೇಕು. ಈ ನಿಯಮಕ್ಕೆ ಭಂಗ ಬಂದರೆ ಕೆಳಬದಿಯ ಅಂಚು ಹಿಮದಲ್ಲಿ ಹೂತು ಹಲಗೆ ಥಟ್ಟನೆ ನಿಲ್ಲುತ್ತದೆ. ಹಲಗೆಯ ಮೇಲಿರುವವನಿಗೆ ಆ ಸುದ್ದಿ ತಡವಾಗಿ ಮುಟ್ಟುತ್ತದೆ. ಇದರ ಆಧಾರದ ಮೇಲೆ ಪತನವನ್ನು ವಿಂಗಡಿಸಬಹುದು. ಕಣಿವೆಯತ್ತ ಮುಖ ಮಾಡಿ ಹಿಮ್ಮಡಿ ಅಂಚಿನ ಮೇಲೆ ಜಾರುತ್ತಿರುವವನು ಭಯದಿಂದ ಹಿಂದಕ್ಕೆ ವಾಲಿ ಕುಕ್ಕರಿಸಿದರೆ ಅದು ಆಸನಪತನ. ಇದರ ಘನತೆ ಅಲ್ಪ, ಪುನರಾವೃತ್ತಿ ಅಪಾರ. ಅದೇ ಸ್ಥಿತಿಯಲ್ಲಿ ಬೆರಳಂಚು ಹೂತುಕೊಂಡರೆ ಉಂಟಾಗುವುದು ಸಾಷ್ಟಾಂಗಪತನ. ಬೆಟ್ಟದತ್ತ ಮುಖ ಮಾಡಿದ್ದಾಗ ಹಿಮ್ಮಡಿ ಅಂಚು ಹೂತರೆ ಉತ್ತಾನಪತನ, ಅಂದರೆ ಬೆನ್ನು ಮೊದಲಾಗಿ, ತಲೆ ಆಮೇಲೆ. ಹೆಲ್ಮೆಟ್ಟಿನ ಆವಶ್ಯಕತೆಯನ್ನು ಬೇರೆ ಯಾವ ಪ್ರಮಾಣದಿಂದಲೂ ಸಾಧಿಸಬೇಕಾಗಿಲ್ಲ.

ಪತನಕ್ಕೆ ಹಿಮವೇ ಕಾರಣವೆಂಬುದು ಪೂರ್ವಪಕ್ಷ. ಬಿದ್ದವರೆಲ್ಲರೂ ಏಕಕಂಠದಿಂದ ಇದನ್ನೇ ಹೇಳುವುದಾದರೂ ಇದು ನಿಲ್ಲದು, ಏಕೆಂದರೆ ಅದೇ ಹಿಮದ ಮೇಲೆ ಆರು ವರ್ಷದ ಬಾಲಕಿಯೊಬ್ಬಳು ಸಲೀಸಾಗಿ ಹಾದುಹೋಗುವುದು ಪ್ರತ್ಯಕ್ಷ. ಸಿದ್ಧಾಂತವೇನೆಂದರೆ, ಅಂಚು ನಿಮಿತ್ತಕಾರಣ, ಪ್ರೌಢನ ವಿವೇಕವೇ ಉಪಾದಾನಕಾರಣ. ಅಪಾಯ ಮುಂದಿದ್ದರೆ ಹಿಂದೆ ಸರಿಯಬೇಕೆಂಬ, ಕಚೇರಿಯಲ್ಲಿ ಅವನಿಗೆ ಎರಡು ಬಡ್ತಿ ತಂದುಕೊಟ್ಟ ಬುದ್ಧಿಯೇ ಇಲ್ಲಿ ಅವನ ಭಾರವನ್ನು ಹಿಂಗಾಲಿಗೆ ಸಾಗಿಸುತ್ತದೆ. ಮುಂಗಾಲಿನ ಮೇಲೆ ಭಾರವಿಲ್ಲದೆ ಹಲಗೆಯ ಮೂತಿ ಮಾತು ಕೇಳುವುದಿಲ್ಲ. ಮಾತು ಕೇಳದ ಹಲಗೆ ನೀರು ಹರಿಯುವ ದಿಕ್ಕಿಗೇ ನೇರವಾಗಿ ತಿರುಗಿ ವೇಗ ಪಡೆಯುತ್ತದೆ. ವೇಗ ಹೆಚ್ಚಿದಷ್ಟೂ ಅವನು ಇನ್ನಷ್ಟು ವಿವೇಕಿಯಾಗುತ್ತಾನೆ. ಗುರುಗಳು ಇದನ್ನರಿತೇ "ಮೊಣಕಾಲು ಬಗ್ಗಿಸಿ, ಮುಂದೆ ನೋಡಿ" ಎಂಬ ಸೂತ್ರವನ್ನು ಇಳಿಜಾರಿನ ಕೆಳಗಿನಿಂದ ಕೂಗುತ್ತಾರೆ. ಶಿಷ್ಯರು "ಸೊಂಟ ಬಗ್ಗಿಸಿ, ಕಾಲು ನೋಡಿ" ಎಂಬ ಪಾಠಾಂತರವನ್ನೇ ಅನುಸರಿಸುತ್ತಿರುವುದು ಗ್ರಂಥಸಂಪಾದಕರ ಗಮನಕ್ಕೆ ಬರಬೇಕಾದ ಸಂಗತಿ.

ಅಂಗಹಾನಿಯ ವಿಚಾರದಲ್ಲಿ ಸ್ಕೀಯವರಿಗೂ ಹಲಗೆಯವರಿಗೂ ಸ್ಪಷ್ಟವಾದ ಕಾರ್ಯವಿಭಜನೆಯಿದೆ. ಎರಡು ಸ್ಕೀಗಳು ಎರಡು ದಿಕ್ಕಿಗೆ ಹೋದಾಗ ಸ್ಕೀಗಾರನ ಮೊಣಕಾಲು ತಿರುಚಿಕೊಳ್ಳುತ್ತದೆ. ಹಲಗೆಯವನ ಕಾಲುಗಳು ಒಟ್ಟಿಗೇ ಕಟ್ಟಲ್ಪಟ್ಟಿರುವುದರಿಂದ ಮೊಣಕಾಲು ಬಹುಮಟ್ಟಿಗೆ ಪಾರಾಗಿ, ನೆಲಕ್ಕೆ ಊರಲು ಚಾಚಿದ ಕೈಯ ಮಣಿಕಟ್ಟು ಆ ಲೆಕ್ಕವನ್ನು ತೀರಿಸುತ್ತದೆ. ಆದುದರಿಂದ ಅಂಗೈ ಊರದೆ, ಮುಷ್ಟಿ ಕಟ್ಟಿ, ಮುಂದೋಳಿನ ಮೇಲೆ ಬೀಳುವುದು ಶಿಷ್ಟಾಚಾರ. ಮಣಿಕಟ್ಟಿನ ಕವಚ ಧರಿಸುವುದು ಅದಕ್ಕಿಂತ ಶಿಷ್ಟ. ಇಷ್ಟು ಸಂಗತಿಗಳು ಗಾಳಿಯಲ್ಲಿರುವ ಅರೆಕ್ಷಣದಲ್ಲಿ ನೆನಪಿಗೆ ಬರಬೇಕೆಂಬ ನಿರೀಕ್ಷೆಯನ್ನು ಶಾಸ್ತ್ರವು ಇಟ್ಟುಕೊಂಡಿದೆ.

ಉತ್ಥಾನ, ಅಂದರೆ ಏಳುವುದು, ಪತನಕ್ಕಿಂತ ಕಠಿಣ. ಕುಳಿತಲ್ಲಿಂದ ನೇರ ಏಳಲು ಹೊಟ್ಟೆಯ ಸ್ನಾಯುಗಳು ಬೇಕು. ಅಧಿಕಾರಿಯಲ್ಲಿ ಅವು ಇಲ್ಲದಿರುವುದು ಗೃಹೀತ. ಆದ್ದರಿಂದ ಹಲಗೆಸಮೇತ ಮಗುಚಿಕೊಂಡು, ಮೊಣಕಾಲೂರಿ, ಬೆಟ್ಟಕ್ಕೆ ನಮಸ್ಕರಿಸುವ ಭಂಗಿಯಿಂದ ಏಳುವುದೇ ಉಚಿತ. ಎದ್ದವನಿಗೆ ಸಮತಟ್ಟಾದ ಜಾಗವೊಂದು ಎದುರಾದರೆ ಹಲಗೆ ನಿಂತೇಬಿಡುತ್ತದೆ. ಸ್ಕೀಗಾರರು ಕೋಲು ಊರಿ ದಾಟುವಲ್ಲಿ ಇವನು ಒಂದು ಕಾಲು ಬಿಚ್ಚಿಕೊಂಡು ಕುಂಟುತ್ತಾನೆ. ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವ ತಿರುವೆಂಬ ವಿದ್ಯೆಯೂ ಇದೆ ಎಂದು ಬಲ್ಲವರು ಹೇಳುತ್ತಾರೆ. ಮಂಜೂರಾದ ರಜೆಯ ಅವಧಿಯಲ್ಲಿ ಅಧಿಕಾರಿಯು ಆ ಪ್ರಕರಣವನ್ನು ತಲುಪುವ ಸಂಭವ ಕಡಿಮೆಯಾದುದರಿಂದ ಅದನ್ನು ಇಲ್ಲಿ ಕೈಬಿಡಲಾಗಿದೆ.