ಡಾಕ್ಟರೇಟ್ ಪಡೆದ ಸಿಸ್ಟರಿಗೆ ವಾರ್ಡಿನಲ್ಲೂ ಹುದ್ದೆ ಕೊಡಿ

ಶುಶ್ರೂಷಾ ಶಿಕ್ಷಣದ ನೀತಿ ರೂಪಿಸುವ ಮಾನ್ಯರಿಗೆ,

ನರ್ಸಿಂಗ್‌ನಲ್ಲಿ ಪಿಎಚ್‌ಡಿ ಪಡೆದವರನ್ನು ಹುಡುಕಿಕೊಂಡು ಹೊರಟರೆ ಕಾಲೇಜಿನ ಪ್ರಾಂಶುಪಾಲರ ಕೊಠಡಿಯಲ್ಲಿ ಸಿಗುತ್ತಾರೆ, ಪರೀಕ್ಷಾ ಮಂಡಳಿಯಲ್ಲಿ ಸಿಗುತ್ತಾರೆ. ರೋಗಿಯ ಹಾಸಿಗೆಯ ಬಳಿ ಸಿಗುವುದು ಅಪರೂಪ. ಇದು ಅವರ ತಪ್ಪಲ್ಲ. ಅಲ್ಲಿ ಅವರಿಗೆ ಹುದ್ದೆಯೇ ಇಲ್ಲ.

ಅಮೆರಿಕವೂ ಈ ದಾರಿಯಲ್ಲೇ ನಡೆಯಿತು. 1920ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾದ ಟೀಚರ್ಸ್ ಕಾಲೇಜು ನರ್ಸುಗಳಿಗೆ ಕೊಡತೊಡಗಿದ್ದು ಶಿಕ್ಷಣಶಾಸ್ತ್ರದ ಡಾಕ್ಟರೇಟ್. ಆಗ ಬೇಕಿದ್ದವರು ಬೋಧಕರು. 1954ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ತಾಯಿ-ಮಗುವಿನ ಶುಶ್ರೂಷೆಯಲ್ಲೇ ಪಿಎಚ್‌ಡಿ ತೆರೆಯಿತು. 60ರ ದಶಕದಲ್ಲಿ ಸರ್ಕಾರದ ಹಣದಿಂದ ನರ್ಸುಗಳು ಶರೀರಕ್ರಿಯಾಶಾಸ್ತ್ರ, ಸಮಾಜಶಾಸ್ತ್ರದಂಥ ವಿಭಾಗಗಳಿಗೆ ಹೋಗಿ ಸಂಶೋಧನೆ ಕಲಿತರು. ರೋಗಿಯ ಆರೈಕೆಗೇ ಮೀಸಲಾದ ಡಾಕ್ಟರೇಟ್ ದೇಶದುದ್ದಕ್ಕೂ ಹರಡಬೇಕೆಂದು ಅಲ್ಲಿನ ನರ್ಸಿಂಗ್ ಕಾಲೇಜುಗಳ ಒಕ್ಕೂಟ ನಿರ್ಣಯಿಸಿದ್ದು 2004ರಲ್ಲಿ. ಡಾಕ್ಟರೇಟ್ ರೋಗಿಯ ಹಾಸಿಗೆಯ ಬಳಿಗೆ ಮರಳಲು ಸುಮಾರು ಎಂಬತ್ತು ವರ್ಷ ಹಿಡಿಯಿತು.

ನಮ್ಮಲ್ಲಿ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಪದವಿ ಶಿಕ್ಷಣ ಶುರುವಾಯಿತು. ದೆಹಲಿಯ ರಾಜಕುಮಾರಿ ಅಮೃತ್ ಕೌರ್ ಕಾಲೇಜಿಗೆ 1986ರಲ್ಲಿ ಎಂಫಿಲ್ ಬಂತು, ಪಿಎಚ್‌ಡಿ ಬಂದದ್ದು ಆಮೇಲೆ. ಭಾರತೀಯ ಶುಶ್ರೂಷಾ ಪರಿಷತ್ತು ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಿಂದ ನಮ್ಮ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆಗೂಡಿ ರಾಷ್ಟ್ರೀಯ ಪಿಎಚ್‌ಡಿ ಒಕ್ಕೂಟ ಕಟ್ಟಿತು. ಇಡೀ ದೇಶದ ನರ್ಸುಗಳ ಸಂಶೋಧನೆಗೆ ಬೆಂಗಳೂರು ಆಸರೆಯಾದದ್ದು ಹೆಮ್ಮೆಯ ಮಾತು, ಅದನ್ನು ಮನಸಾರೆ ಹೇಳುತ್ತೇನೆ.

ಆದರೆ ನಮ್ಮ ಗ್ರಂಥಾಲಯಗಳ ಪ್ರಬಂಧಗಳನ್ನು ತೆರೆದು ನೋಡಿ. 'ಬೋಧನಾ ಕಾರ್ಯಕ್ರಮದ ಪರಿಣಾಮಕಾರಿತ್ವ' ಎಂಬ ಶೀರ್ಷಿಕೆ ಮತ್ತೆ ಮತ್ತೆ ಸಿಗುತ್ತದೆ: ಪಾಠಕ್ಕೆ ಮುಂಚೆ ಒಂದು ಪರೀಕ್ಷೆ, ಪಾಠವಾದ ಮೇಲೆ ಇನ್ನೊಂದು, ಅಂಕ ಏರಿತೆಂಬ ತೀರ್ಮಾನ. ಹಾಸಿಗೆ ಹುಣ್ಣಿನ ಬಗ್ಗೆ ತಿಳಿವಳಿಕೆ ಹೆಚ್ಚಿದ್ದು ಸರಿ, ಹುಣ್ಣು ಕಡಿಮೆಯಾಯಿತೇ? ಅದನ್ನು ತಿಳಿಯಲು ತಿಂಗಳುಗಟ್ಟಲೆ ವಾರ್ಡಿನಲ್ಲಿರಬೇಕು, ಮಗ್ಗುಲು ಬದಲಿಸುವ ವೇಳಾಪಟ್ಟಿಯನ್ನೇ ತಿದ್ದುವ ಅಧಿಕಾರ ಬೇಕು. ಸಂಶೋಧಕಿಗೆ ಅಲ್ಲಿ ಅತಿಥಿಯ ಸ್ಥಾನವಷ್ಟೇ. ಇತ್ತ ಒಬ್ಬಳೇ ಇಡೀ ವಾರ್ಡು ನೋಡುವ ನೈಟ್ ಡ್ಯೂಟಿ ಸಿಸ್ಟರಿಗೆ ಪ್ರಶ್ನೆಗಳೆಲ್ಲ ಗೊತ್ತು, ಬರೆದುಕೊಳ್ಳಲು ಪುರುಸೊತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪ್ರತಿ ಬೋಧಕ ಆಸ್ಪತ್ರೆಯಲ್ಲೂ ಪಿಎಚ್‌ಡಿ ಪಡೆದ ನರ್ಸಿಗೆ, ಕಾಲೇಜಿನ ಅದೇ ವೇತನಶ್ರೇಣಿಯಲ್ಲಿ, ವಾರ್ಡಿನ ಹೊಣೆಯಿರುವ ಹುದ್ದೆ ಮಂಜೂರು ಮಾಡಿ. ಕೆಲಸದಲ್ಲಿರುವ ಸಿಸ್ಟರುಗಳಿಗೆ ಸಂಶೋಧನೆಗೆಂದು ಸಂಬಳ ಸಹಿತ ರಜೆ ಕೊಡಿ, ಅವರ ಪಾಳಿಗೆ ಬದಲಿ ಸಿಬ್ಬಂದಿಯನ್ನೂ ಕೊಡಿ. ಬದಲಿಯಿಲ್ಲದ ರಜೆಯನ್ನು ಯಾವ ಸಿಸ್ಟರೂ ಜೊತೆಯವರ ತಲೆಗೆ ಕಟ್ಟಿ ಹೋಗಲಾರಳು.

ಇಂತಿ,
ಒಬ್ಬ ನರ್ಸಿಂಗ್ ಅಧ್ಯಾಪಕಿ