ಹಾಡಿಗೆ ಹೆಸರಿಡುವ ಪಂಚಾಯಿತಿ

ಪುರಂದರದಾಸರು ಕೀರ್ತನೆ ಕಟ್ಟಿದರು, ಕೊನೆಯಲ್ಲಿ ಮರೆಯದೆ ಅಂಕಿತವನ್ನೂ ಹಾಕಿದರು. ಆದರೆ ಮೇಲೆ ತಲೆಬರಹ ಅಂತ ಒಂದು ಬರೆಯುವ ಗೋಜಿಗೆ ಹೋಗಲಿಲ್ಲ. ಮುಂದೊಂದು ದಿನ ವಿಕಿಪೀಡಿಯ ಬರುತ್ತದೆ, ಅದು ಪ್ರತಿ ಪುಟದ ನೆತ್ತಿಗೂ ಒಂದು ಹೆಸರು ಕೇಳುತ್ತದೆ, ಹೆಸರಿಲ್ಲದೆ ಪುಟವನ್ನೇ ತೆರೆಯಗೊಡುವುದಿಲ್ಲ ಎಂದು ಅವರಿಗೇನು ಕನಸು ಬಿದ್ದಿತ್ತೆ? ನಮ್ಮಲ್ಲಿ ಪಲ್ಲವಿಯ ಮೊದಲ ಮಾತೇ ಹಾಡಿನ ಹೆಸರು. ಭಜನೆಯಲ್ಲಿ ಯಾರಾದರೂ 'ಭಾಗ್ಯದ ಲಕ್ಷ್ಮಿ ಹೇಳ್ರೀ' ಅಂದರೆ ಸಾಕು, ತಾಳ ಶುರು.

ವಿಶ್ವಕೋಶಕ್ಕೆ ಅಷ್ಟರಿಂದ ಸಮಾಧಾನವಿಲ್ಲ. ಈ ಕೀರ್ತನೆಗೊಂದು ಪುಟ ಬರೆಯೋಣ ಎಂದು ನೀವು ಹೊರಟಿರಿ ಅನ್ನಿ. ಮೊದಲ ಪ್ರಶ್ನೆ: ಲಕ್ಷ್ಮಿಯೋ, ಲಕ್ಷ್ಮೀಯೋ? ಕರೆಯುವಾಗ ಎಳೆದೇ ಕರೆಯುತ್ತೇವೆ, ಆದ್ದರಿಂದ ದೀರ್ಘವೇ ಸರಿ ಅನ್ನುತ್ತಾರೆ ಒಬ್ಬರು. ಸಂಸ್ಕೃತ ಓದಿದವರು ಕನ್ನಡಕ ಸರಿಮಾಡಿಕೊಂಡು, ಮೂಲ ಶಬ್ದ ದೀರ್ಘವಾದರೂ ಸಂಬೋಧನೆಯಲ್ಲಿ ಅದು ಹ್ರಸ್ವವಾಗುತ್ತದೆ ಎಂದು ವ್ಯಾಕರಣ ತೆಗೆಯುತ್ತಾರೆ. ಸಂಗೀತದ ಮೇಷ್ಟ್ರು ಇಬ್ಬರನ್ನೂ ಸುಮ್ಮನಿರಿಸಿ, ಅದನ್ನು ತಾಳ ತೀರ್ಮಾನಿಸುತ್ತದೆ, ನೀವಲ್ಲ ಅನ್ನುತ್ತಾರೆ. 'ಬಾರಮ್ಮ'ದ ಕೊನೆಗೆ ದೀರ್ಘ ಬೇಕೋ ಬೇಡವೋ ಎಂಬುದು ಇನ್ನೂ ಸರದಿಯಲ್ಲಿ ನಿಂತಿದೆ.

ಅಷ್ಟರಲ್ಲಿ ಸಿನಿಮಾದವರು ಬಂದರು. 1986ರಲ್ಲಿ ರಾಜ್‌ಕುಮಾರ್ ನಟಿಸಿದ, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದ ಚಿತ್ರಕ್ಕೂ ಇದೇ ಹೆಸರು. ಅವರ ಬೆನ್ನಿಗೇ ಧಾರಾವಾಹಿಯವರು, 2013ರಲ್ಲಿ 'ಭಾಗ್ಯದ' ಬಿಟ್ಟು 'ಲಕ್ಷ್ಮೀ ಬಾರಮ್ಮ' ಎಂದು ಶುರುಮಾಡಿದವರು. ಈಗ ಪುಟದ ಹೆಸರಿನ ಪಕ್ಕ ಆವರಣ ಹಾಕಿ (ಕೀರ್ತನೆ), (ಚಲನಚಿತ್ರ) ಎಂದು ಬರೆಯಬೇಕು. ಕನ್ನಡ ವಿಕಿಪೀಡಿಯದಲ್ಲಿ ಇದಕ್ಕೆ 'ದ್ವಂದ್ವ ನಿವಾರಣೆ' ಎಂಬ ಗಂಭೀರ ಹೆಸರಿದೆ. ಯಾವ ದ್ವಂದ್ವವೂ ನಿವಾರಣೆಯಾಗುವುದಿಲ್ಲ ಬಿಡಿ. ಆವರಣವಿಲ್ಲದ ಬರಿ ಹೆಸರು ಯಾರ ಪಾಲಿಗೆ ಎಂಬ ಹೊಸ ಜಗಳ ಹುಟ್ಟುತ್ತದೆ, ಅಷ್ಟೆ. ನನ್ನನ್ನು ಕೇಳಿದರೆ ಅದು ದಾಸರಿಗೇ ಸೇರಬೇಕು. ಅಣ್ಣಾವ್ರ ಅಭಿಮಾನಿಗಳೆದುರು ಇದನ್ನು ಬಾಯಿಬಿಟ್ಟು ಹೇಳುತ್ತೇನೆಯೇ ಎಂದು ಮಾತ್ರ ಕೇಳಬೇಡಿ.

ಹಾಗಾದರೆ ತಲೆಬರಹ ಕೊಟ್ಟೇ ಹೋದ ನವೋದಯದವರ ಕಡೆ ತಿರುಗೋಣ, ಅಲ್ಲಾದರೂ ನೆಮ್ಮದಿ ಸಿಕ್ಕೀತು ಎಂದುಕೊಂಡಿರಾ? ಬೇಂದ್ರೆಯವರು ಅಚ್ಚುಕಟ್ಟಾಗಿ 'ಬೆಳಗು' ಎಂದು ಹೆಸರಿಟ್ಟರು. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು 'ಬೆಳ್ಳಿಮೋಡ'ಕ್ಕೆ ತಂದರು, ಅಂದಿನಿಂದ ಅದು ಊರಿಗೆಲ್ಲ 'ಮೂಡಲ ಮನೆಯ'. ಇವತ್ತು 'ಬೆಳಗು' ಎಂದು ಹುಡುಕಿದರೆ ಸೂರ್ಯೋದಯದ ಚಿತ್ರವೂ ಶುಭೋದಯದ ಸಂದೇಶವೂ ಸಿಕ್ಕಾವು, ಬೇಂದ್ರೆ ಸಿಗುವುದು ಅದೃಷ್ಟ ನೆಟ್ಟಗಿದ್ದರೆ.

ನಿಸಾರ್ ಅಹಮದರ 'ನಿತ್ಯೋತ್ಸವ'ದ ಕಥೆಯಂತೂ ಇನ್ನೂ ಸೊಗಸು. ಅದು ಕವನದ ಹೆಸರು. ಕವನಸಂಕಲನದ ಹೆಸರೂ ಅದೇ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದ ಭಾವಗೀತೆಗಳ ಧ್ವನಿಸುರುಳಿಯ ಹೆಸರೂ ಅದೇ. ಸಾಲದ್ದಕ್ಕೆ ಜನ ಕವಿಯನ್ನೇ 'ನಿತ್ಯೋತ್ಸವದ ಕವಿ' ಎಂದು ಕರೆದುಬಿಟ್ಟರು. ಹೀಗೆ ಪುಸ್ತಕ, ಕ್ಯಾಸೆಟ್ಟು, ಕವಿ ಎಲ್ಲ ಸೇರಿ ಹೆಸರನ್ನು ಹಂಚಿಕೊಂಡ ಮೇಲೆ ಹಾಡಿಗೆ ಉಳಿದದ್ದೇನು? 'ಜೋಗದ ಸಿರಿ.' ನವೆಂಬರ್ ಒಂದರ ವೇದಿಕೆಯಲ್ಲಿ ಮೈಕು ಹಿಡಿದವರು ಹೇಳುವುದೂ ಅದನ್ನೇ. ವಿಶ್ವಕೋಶದ ನೀತಿಯೂ ಹೆಚ್ಚುಕಮ್ಮಿ ಜನರ ಪಕ್ಷವೇ: ಹೆಚ್ಚು ಬಳಕೆಯಲ್ಲಿರುವ ಹೆಸರನ್ನು ಮೇಲಿಡು, ಉಳಿದದ್ದನ್ನು ಮೊದಲ ವಾಕ್ಯದಲ್ಲಿ ಹೇಳು. ನನಗಿದು ಒಪ್ಪಿಗೆ. ಬಚ್ಚಲಲ್ಲಿ ಗುನುಗಿಕೊಂಡು ಬಂದವನು ಮೊಬೈಲಿನಲ್ಲಿ ಏನು ಕುಟ್ಟುತ್ತಾನೋ ಅದೇ ಪುಟದ ಹೆಸರಾಗಲಿ. ಕವಿ ಕೊಟ್ಟ ಹೆಸರು ಕವಿಯ ಪುಸ್ತಕದಲ್ಲಿ ಹೇಗೂ ಭದ್ರವಾಗಿರುತ್ತದೆ.

ಇಲ್ಲೊಂದು ಸಣ್ಣ ತೊಡಕು. ಗುನುಗುವವನಿಗೆ ಕಾಗುಣಿತದ ಹಂಗಿಲ್ಲ. 2006ರ 'ಮುಂಗಾರು ಮಳೆ'ಗೆ ಜಯಂತ ಕಾಯ್ಕಿಣಿ ಬರೆದದ್ದು 'ಅನಿಸುತಿದೆ'. ಹಾಡಿಗೆ ಒತ್ತಕ್ಷರ ಭಾರವಾಗುತ್ತದೆಂದು ಕವಿ ಇಳಿಸಿಟ್ಟ 'ತ'ವೊತ್ತನ್ನು ಶ್ರದ್ಧಾವಂತರು ಯಾರಾದರೂ ಹೆಕ್ಕಿ ತಂದು, ವ್ಯಾಕರಣ ತಪ್ಪಾಗಿದೆ ಎಂದು 'ಅನಿಸುತ್ತಿದೆ' ಮಾಡಿಯೇ ತೀರುತ್ತಾರೆ. ಸೋನು ನಿಗಮ್ ಹಾಡಿದ ಧಾಟಿಯಲ್ಲಿ ಆ ಒತ್ತನ್ನು ಒಮ್ಮೆ ಹಾಡಿ ತೋರಿಸಿ ಅಂದರೆ ಅವರು ಸಿಗುವುದಿಲ್ಲ.

ಇಂಗ್ಲಿಷಿನವರನ್ನು ನೋಡಿದರೆ ನಮ್ಮದು ಏನೇನೂ ಅಲ್ಲ. ಅವರಲ್ಲಿ ಅಕ್ಷರವೇ ದೊಡ್ಡದು ಚಿಕ್ಕದು ಎಂದು ಎರಡು ಜಾತಿ. ಹಾಡಿನ ಹೆಸರಿನ ನಡುವೆ ಬರುವ ಉಪಸರ್ಗ ಐದಕ್ಷರದ್ದಾದರೆ ತಲೆ ಎತ್ತಬಹುದು, ನಾಲ್ಕಕ್ಷರದ್ದಾದರೆ ತಗ್ಗಿ ನಡೆಯಬೇಕು ಎಂಬ ಕಟ್ಟಳೆ ಇದೆ. 'ಸ್ಟಾರ್ ಟ್ರೆಕ್ ಇನ್‌ಟು ಡಾರ್ಕ್‌ನೆಸ್' ಎಂಬ ಚಿತ್ರದ 'ಇನ್‌ಟು'ವಿಗೆ ದೊಡ್ಡ 'ಐ' ಬೇಕೋ ಚಿಕ್ಕದು ಸಾಕೋ ಎಂದು ಅವರ ವಿಕಿಪೀಡಿಯದಲ್ಲಿ ಸಾವಿರಾರು ಪದಗಳ ವಾಗ್ವಾದ ನಡೆದು, 2013ರಲ್ಲಿ ವ್ಯಂಗ್ಯಚಿತ್ರಕಾರರ ಬಾಯಿಗೂ ಬಿತ್ತು. ನಮ್ಮ ಅಕ್ಷರಗಳಿಗೆ ಆ ಪಂಕ್ತಿಭೇದವಿಲ್ಲ. ನಾವು ಜಗಳಕ್ಕೆ ಬೇರೆ ಕಾರಣ ಹುಡುಕಿಕೊಳ್ಳಬೇಕು, ಹುಡುಕಿಕೊಂಡಿದ್ದೇವೆ. ಕನ್ನಡ ವಿಕಿಪೀಡಿಯ ಹುಟ್ಟಿದ್ದು 2003ರಲ್ಲಿ. ಎಲ್ಲರೂ ಕೂತು ಮಾತಾಡುವ ಪುಟಕ್ಕೆ ಅದು ಇಟ್ಟುಕೊಂಡ ಹೆಸರು 'ಅರಳಿ ಕಟ್ಟೆ'. ಅದೊಂದು ಹೆಸರಿನ ಬಗ್ಗೆ ಮಾತ್ರ ನನ್ನದು ಯಾವ ತಕರಾರೂ ಇಲ್ಲ.

ತಮಾಷೆ ಏನೆಂದರೆ, ಇಷ್ಟೆಲ್ಲ ಹೊಡೆದಾಡುವ ಅಗತ್ಯವೇ ಇಲ್ಲ. ಪುನರ್ನಿರ್ದೇಶನ ಎಂಬ ಸೌಲಭ್ಯವಿದೆ. ಹ್ರಸ್ವ, ದೀರ್ಘ, ಒತ್ತು, ಒತ್ತಿಲ್ಲದ್ದು, ಕವಿ ಇಟ್ಟದ್ದು, ಜನ ಕರೆದದ್ದು, ಯಾವ ಹೆಸರು ಕುಟ್ಟಿದರೂ ಒಂದೇ ಪುಟಕ್ಕೆ ತಂದುಬಿಡುತ್ತದೆ. ಹಾಗಿದ್ದರೂ ಜಗಳ ನಿಲ್ಲದು. ಬಾಗಿಲು ಎಷ್ಟಾದರೂ ಇರಲಿ, ನಾಮಫಲಕ ಒಂದೇ ತಾನೆ?

ಕೊನೆಗೂ ಪಂಚಾಯಿತಿ ಮುಗಿದು, ದೀರ್ಘದವರೇ ಗೆದ್ದು, ಪುಟಕ್ಕೆ 'ಲಕ್ಷ್ಮೀ' ಎಂದು ಹೆಸರಾಯಿತು ಎಂದುಕೊಳ್ಳಿ. ಗೆದ್ದ ಹುರುಪಿನಲ್ಲಿ ನೀವು ಪುಟದ ವಿಳಾಸವನ್ನು ನಕಲು ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತೀರಿ. ಎಷ್ಟೋ ಬ್ರೌಸರುಗಳಲ್ಲಿ ಹಾಗೆ ನಕಲಾದ ಕನ್ನಡ ಅಕ್ಷರ ಕನ್ನಡವಾಗಿ ಉಳಿಯುವುದಿಲ್ಲ. 'ಲಕ್ಷ್ಮೀ' ಎಂಬಷ್ಟಕ್ಕೇ ಯೂನಿಕೋಡಿನ ಲೆಕ್ಕದಲ್ಲಿ 7 ಸಂಕೇತ. ಒಂದೊಂದೂ ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿ ಸೇರಿಸಿಕೊಂಡು 9 ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ಒಟ್ಟು 63. ಹ್ರಸ್ವ ಹಾಕಿದ್ದರೂ ಅದೇ 63, ಬಾಲದಲ್ಲಿ ಮೂರು ಚಿಹ್ನೆ ಬೇರೆ, ಅಷ್ಟೆ. ಗುಂಪಿನಲ್ಲಿ ಮೊದಲು ಕಣ್ಣಾಡಿಸಿದ ಚಿಕ್ಕಪ್ಪ ಬರೆಯುತ್ತಾರೆ: 'ಇದ್ಯಾವುದೋ ವೈರಸ್ ಬಂದಿದೆ, ಯಾರೂ ಒತ್ತಬೇಡಿ.'