ಖಾಯಂ ಜ್ಞಾನತಂದೆ

ಬೆಂಗಳೂರಿನ ಹಳೇ ಬಡಾವಣೆಗಳ ಯಾವ ಕ್ಯಾಥೋಲಿಕ್ ಚರ್ಚಿಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದಲೋ ಎಚ್‌ಎಂಟಿಯಿಂದಲೋ ನಿವೃತ್ತರು, ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬಡಾವಣೆಗೆಲ್ಲ ಅಂಕಲ್. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಮಾತ್ರ ಜ್ಞಾನತಂದೆ. ಯಾವ ಪುಟ ತಿರುವಿದರೂ ಅವರದೇ ಹೆಸರು.

ಇಷ್ಟೊಂದು ಮಕ್ಕಳಿಗೆ ಒಬ್ಬರೇ ಗಂಟುಬಿದ್ದಿದ್ದು ಹೇಗೆಂದರೆ, ತಪ್ಪು ಧರ್ಮಸಭೆಯ ಕಾನೂನಿನದು. ಒಂದು ಮಗುವಿಗೆ ಹೆಚ್ಚೆಂದರೆ ಒಬ್ಬ ಜ್ಞಾನತಂದೆ, ಒಬ್ಬ ಜ್ಞಾನತಾಯಿ ಎನ್ನುತ್ತದೆ 1983ರ ಸಂಹಿತೆ. ನಮ್ಮ ಮನೆಗಳಲ್ಲೋ ದೊಡ್ಡಪ್ಪಂದಿರು ಇಬ್ಬರು, ಸೋದರಮಾವಂದಿರು ಮೂವರು. ಒಬ್ಬರನ್ನು ಕರೆದರೆ ಉಳಿದವರು ಊಟಕ್ಕೂ ಬರುವುದಿಲ್ಲ. ಹೆತ್ತವರೇ ಆಗೋಣವೆಂದರೆ ಕಾನೂನು ಅದಕ್ಕೂ ಬಿಡದು. ಆಪ್ತ ಗೆಳೆಯನಿದ್ದಾನೆ, ಆದರೆ ಸಿಎಸ್‌ಐ ಎಂಬ ಪ್ರಾಟೆಸ್ಟೆಂಟ್ ಸಭೆಯವನು. ಸಾಕ್ಷಿಯಾಗಿ ನಿಲ್ಲಬಹುದೇ ಹೊರತು ಜ್ಞಾನತಂದೆಯಾಗುವಂತಿಲ್ಲ. ಆಗ ನೆನಪಾಗುವುದೇ ಅಂಕಲ್. ಕಾನೂನು ಕೇಳುವ 16 ವರ್ಷ ತುಂಬಿ ಯಾವ ಕಾಲವೋ ಆಯಿತು. ದೃಢೀಕರಣವಾಗಿದೆ, ಭಾನುವಾರದ ಪೂಜೆ ತಪ್ಪಿಸಿದವರಲ್ಲ. ಎಲ್ಲಕ್ಕಿಂತ ದೊಡ್ಡ ಅರ್ಹತೆ, ಅವರು ಯಾರ ಕಡೆಯ ನೆಂಟರೂ ಅಲ್ಲ.

ಒಪ್ಪಿಕೊಂಡ ಗಳಿಗೆಯಿಂದ ತಯಾರಿಯೆಲ್ಲ ಅವರ ಕೈಗೆ. ಹೆತ್ತವರು ಮೊಬೈಲಿನಲ್ಲಿ ಹುಡುಕಿ ‘ವಿಹಾನ್’ ಎಂದಿಟ್ಟಿರುತ್ತಾರೆ. ಕ್ರೈಸ್ತ ಭಾವನೆಗೆ ಒಗ್ಗದ ಹೆಸರಾಗದಿದ್ದರೆ ಸಾಕು ಎಂಬ ಈಗಿನ ನಿಯಮ ಅಂಕಲ್‌ಗೆ ಗೊತ್ತು. ಆದರೂ ಚರ್ಚಿನ ಕ್ಯಾಲೆಂಡರ್ ಬಿಚ್ಚುತ್ತಾರೆ. “ಮಗು ಹುಟ್ಟಿದ್ದು ಜೂನ್ 13. ಸಂತ ಅಂತೋಣಿಯವರ ಹಬ್ಬ. ಅವರೇ ಮನೆ ಬಾಗಿಲಿಗೆ ಬಂದಿದ್ದಾರೆ, ನೀವು ವಿಹಾನ್ ಅಂತೀರಲ್ಲಮ್ಮ!” ಕೊನೆಗೆ ರಿಜಿಸ್ಟರಿನಲ್ಲಿ ಅಂತೋಣಿ ವಿಹಾನ್, ಆಧಾರ್‌ನಲ್ಲಿ ಬರೀ ವಿಹಾನ್. ಮುಂದೆಂದೋ ಇವೆರಡನ್ನೂ ಹೊಂದಿಸಲು ಅಫಿಡವಿಟ್ ಮಾಡಿಸುವ ಕಷ್ಟ ವಿಹಾನನದು.

ಶನಿವಾರ ಸಂಜೆಯ ತಯಾರಿ ತರಗತಿಗೆ ಎಲ್ಲರಿಗಿಂತ ಮೊದಲು ಬರುವವರೂ ಅವರೇ. ಮಗುವಿನ ತಂದೆ ಮಾತ್ರ ಒಂದು ಕಿವಿಯಲ್ಲಿ ಆಫೀಸಿನ ಮೀಟಿಂಗ್ ಸಿಕ್ಕಿಸಿಕೊಂಡೇ ಕೂರುತ್ತಾನೆ. “ದೀಕ್ಷಾಸ್ನಾನ ಯಾಕಪ್ಪ ಕೊಡಿಸ್ತಿದ್ದೀಯ?” ಎಂದು ಗುರುಗಳು ಕೇಳಿದರೆ, “ಹಾಲ್ ಸಿಕ್ಕಿದ್ದು ಆ ಭಾನುವಾರಾನೇ ಫಾದರ್” ಎನ್ನುತ್ತಾನೆ. ಅಂಕಲ್ ಎದ್ದು ನಿಂತು ಮೂಲಪಾಪದಿಂದ ಶುರುಮಾಡಿ ಉತ್ತರ ಒಪ್ಪಿಸುತ್ತಾರೆ. ಆಮೇಲೆ ಹೊರಗೆ ಬೈಕ್ ನಿಲ್ಲಿಸುವ ಜಾಗದಲ್ಲಿ ಆ ತಂದೆಗೆ ವಿಧಿಯ ಉತ್ತರಗಳ ಖಾಸಗಿ ತಾಲೀಮು. ಸೈತಾನನನ್ನು ತ್ಯಜಿಸುತ್ತೇನೆ ಎಂದು ಹುಡುಗ ಗೊಣಗಿದರೆ ಅವರು ಒಪ್ಪುವುದಿಲ್ಲ. “ಬಾಡಿಗೆ ಬಾಕಿ ಇರೋನು ಓನರ್ ಮುಂದೆ ನಿಂತ ಹಾಗೆ ಹೇಳ್ತೀಯಲ್ಲ, ಗಟ್ಟಿಯಾಗಿ ಹೇಳಪ್ಪ!”

ಅವರ ನಿಜವಾದ ಪಾಂಡಿತ್ಯ ಇರುವುದು ಬಟ್ಟೆಯ ವಿಚಾರದಲ್ಲಿ. ಜ್ಞಾನತಾಯಿ ಕಮರ್ಷಿಯಲ್ ಸ್ಟ್ರೀಟಿನಿಂದ ತಂದ ಬಿಳಿ ಗೌನನ್ನು ತಿರುಗಿಸಿ ಮುರುಗಿಸಿ ನೋಡಿ, “ಗುಂಡಿಯೆಲ್ಲ ಹಿಂದಿದೆ. ಗುರುಗಳು ಎದೆಗೆ ಎಣ್ಣೆ ಹಚ್ಚೋದು ಹೇಗೆ?” ಎಂದು ವಾಪಸ್ ಕಳಿಸುತ್ತಾರೆ. ನೀರಿಗೆ ಬೆರೆಸಲು ಫ್ಲಾಸ್ಕಿನಲ್ಲಿ ಬಿಸಿನೀರು ಅವರ ಮನೆಯದೇ. ಮೇಣದಬತ್ತಿ ಆರದಿರಲೆಂದು ಫ್ಯಾನಿನ ಸ್ವಿಚ್ಚು ಯಾವುದೆಂದು ಹಿಂದಿನ ದಿನವೇ ಗುರುತು ಹಾಕಿಕೊಂಡಿರುತ್ತಾರೆ. ನೆತ್ತಿಗೆ ಪವಿತ್ರ ತೈಲ ಬಿದ್ದ ಮೇಲೆ ಎರಡು ದಿನ ಶಾಂಪೂ ಕೂಡದು ಎಂಬುದು ಮಾತ್ರ ಯಾವ ಸಂಹಿತೆಯಲ್ಲೂ ಇಲ್ಲ, ಅಂಕಲ್ ಅವರದೇ ಶಾಸನ.

“ನಾನು” ಎನ್ನುವ ಬದಲು “ನಾವು” ಎಂದು ಹೇಳಿ ಕೊಟ್ಟ ದೀಕ್ಷಾಸ್ನಾನ ಸಿಂಧುವಲ್ಲ ಎಂದು 2020ರಲ್ಲಿ ರೋಮ್ ಸ್ಪಷ್ಟಪಡಿಸಿದ ಮೇಲಂತೂ, ಗುರುಗಳು ಮೂರು ಸಲ ನೀರು ಸುರಿದು ಮುಗಿಸುವವರೆಗೆ ಅವರ ಬಾಯಿಂದ ಅಂಕಲ್ ಕಣ್ಣು ಕೀಳುವುದಿಲ್ಲ. ಗುರುಗಳಿಗೇ ಪರೀಕ್ಷೆಗೆ ಕೂತಂತಾಗಿ ಬೆವರುತ್ತದೆ.

ಜ್ಞಾನತಂದೆಯ ಕೆಲಸ ಶುರುವಾಗುವುದೇ ದೀಕ್ಷಾಸ್ನಾನದ ಮೇಲೆ, ಮಗುವಿನ ವಿಶ್ವಾಸ ಬೆಳೆಸುವುದರಲ್ಲಿ ಎನ್ನುತ್ತದೆ ಧರ್ಮಸಭೆ. ನಮ್ಮ ಅಂಕಲ್ ಬಿರಿಯಾನಿ ಉಂಡು ಕೈ ತೊಳೆದರೆಂದರೆ ಆ ಮಗುವಿನ ಕಡತ ಮುಗಿಯಿತು; ಮುಂದಿನ ಮನೆಯವರು ಆಗಲೇ ಗೇಟಿನ ಹತ್ತಿರ ಕಾಯುತ್ತಿರುತ್ತಾರೆ.

ವರ್ಷಗಳ ಮೇಲೆ ಪೂಜೆ ಮುಗಿಸಿ ಹೊರಬರುವಾಗ ತರುಣಿಯೊಬ್ಬಳು ಅಡ್ಡ ನಿಂತು, “ಅಂಕಲ್, ಮದುವೆ ಗೊತ್ತಾಗಿದೆ. ನೀವೇ ನನ್ನ ಜ್ಞಾನತಂದೆ, ತಪ್ಪದೆ ಬರಬೇಕು” ಎನ್ನುತ್ತಾಳೆ.

ಅಂಕಲ್ ಮುಖ ಅರಳುತ್ತದೆ. “ತುಂಬ ಸಂತೋಷ ಮಗಳೇ. ದೀಕ್ಷಾಸ್ನಾನದ ಸರ್ಟಿಫಿಕೇಟ್ ಹೊಸದಾಗಿ ತಗೋ, ಆರು ತಿಂಗಳಿಗಿಂತ ಹಳೇದು ನಡೆಯೋಲ್ಲ. ಎರಡು ಜೆರಾಕ್ಸ್ ಇಟ್ಕೋ.” ನಾಲ್ಕು ಹೆಜ್ಜೆ ನಡೆದು, ಹೆಂಡತಿಯ ಕಿವಿಯಲ್ಲಿ: “ಯಾರ ಮಗಳೇ ಇದು?”